ಮೆಟ್ರೊ ಬೋಗಿಯಲ್ಲಿ ಯಾರ ಪಾಲೆಷ್ಟು?

ಸೋಲೂರಿನಿಂದ ನೆಲಮಂಗಲ ದಾಟಿ ಮಾದಾವರದಲ್ಲಿ ಮೆಟ್ರೊ ಹತ್ತುವವರು ನಮ್ಮ ಜಮಾಅತಿನಲ್ಲೂ ಇದ್ದಾರೆ. ಆ ರೈಲು ನಮ್ಮದೋ, ಹೊರದೇಶದ್ದೋ ಎಂಬ ಪ್ರಶ್ನೆಗೆ ಎರಡೂ ಹೌದು ಎನ್ನಬೇಕು.

ಜಪಾನಿನ ಜೈಕಾ ಸಂಸ್ಥೆಯ ಸಾಲವೂ ಸೇರಿದ್ದ ಮೊದಲ ಹಂತಕ್ಕೆ 150 ಬೋಗಿ ಒದಗಿಸುವ ಗುತ್ತಿಗೆಯನ್ನು 2009ರಲ್ಲಿ ನಾಲ್ವರು ಒಟ್ಟಾಗಿ ಪಡೆದರು: ಬೆಂಗಳೂರಿನ ಬಿಇಎಂಎಲ್, ಕೊರಿಯಾದ ರೋಟೆಮ್, ಜಪಾನಿನ ಮಿತ್ಸುಬಿಷಿಯ ಎರಡು ಕಂಪನಿಗಳು. ಹಣವಲ್ಲದೆ ಕಸುಬನ್ನೇ ಕೂಡಿಸಿ ಪಾಲುದಾರರಾಗುವುದನ್ನು ಫಿಕ್ಹ್‌ನ ಶಿರ್ಕತ್ ಅಧ್ಯಾಯ ಬಹಳ ಹಿಂದೆಯೇ ವಿವರಿಸಿದೆ. ಇದೂ ಹೆಚ್ಚುಕಡಿಮೆ ಆ ಬಗೆಯದೇ. ರೈಲು ಓಡಿಸುವ ವಿದ್ಯುತ್ ಉಪಕರಣ ಮಿತ್ಸುಬಿಷಿ ಎಲೆಕ್ಟ್ರಿಕ್‌ನದು, ಇಲ್ಲಿನ ಕಾರ್ಖಾನೆ ಬಿಇಎಂಎಲ್‌ನದು.

ಇಂಥ ಪಾಲುದಾರಿಕೆಯಲ್ಲಿ ಲೆಕ್ಕ ಹಾಕಬೇಕಾದ್ದು ಜೊತೆಗಾರ ಹೊರಟ ಮೇಲೆ ನಮ್ಮ ಕೈಯಲ್ಲಿ ಉಳಿದ ವಿದ್ಯೆಯನ್ನು. ಮೂರು ಬೋಗಿಯ ರೈಲುಗಳನ್ನು ಆರಕ್ಕೆ ಏರಿಸಲು ಇನ್ನೂ 150 ಬೋಗಿ ಬೇಕಾದಾಗ, 2017ರಲ್ಲಿ ಆ ಗುತ್ತಿಗೆ ಬಿಇಎಂಎಲ್ ಒಂದಕ್ಕೇ ಸಿಕ್ಕಿತು. ಐಟಿಐ ಮುಗಿಸಿ ಫಿಟ್ಟರ್, ವೆಲ್ಡರ್ ಆಗುವ ನಮ್ಮ ಮಕ್ಕಳಿಗೆ ಇದು ದೂರದ ಮಾತಲ್ಲ. ಬೋಗಿ ಇಡಿಯಾಗಿ ಹಡಗಿನಲ್ಲಿ ಬಂದಿಳಿದರೆ ಅವರಿಗೆ ಸಿಗುವುದು ಟಿಕೆಟ್ ಮಾತ್ರ.

ಹಳದಿ ಮಾರ್ಗದ್ದು ಬೇರೆ ಕಥೆ. 2019ರಲ್ಲಿ ಚೀನಾದ ಸಿಆರ್‌ಆರ್‌ಸಿ 216 ಬೋಗಿಗಳ ಗುತ್ತಿಗೆ ಪಡೆಯಿತು. ಹೆಚ್ಚಿನವನ್ನು ಭಾರತದಲ್ಲೇ ತಯಾರಿಸಬೇಕಿತ್ತು, ಆದರೆ ಇಲ್ಲಿ ಅದರ ಕಾರ್ಖಾನೆ ಏಳಲಿಲ್ಲ. ಕೊನೆಗೆ ಬಂಗಾಳದ ಟಿಟಾಗಢ ಕಂಪನಿಯನ್ನು ಜೊತೆಗೆ ಸೇರಿಸಿಕೊಂಡಿತು. ಹಳಿ ಸಿದ್ಧವಿದ್ದರೂ ರೈಲಿಗಾಗಿ ಕಾಯಬೇಕಾಯಿತು. 2025ರ ಆಗಸ್ಟ್‌ನಲ್ಲಿ ಮಾರ್ಗ ತೆರೆದಾಗ ಓಡಿದ್ದು ಮೂರೇ ರೈಲು.