ಹಿಂಬದಿಯ ಯಂತ್ರ, ಮಡಚುವ ಗಾಲಿ

ಎತ್ತಿನ ಗಾಡಿಯ ಅಚ್ಚನ್ನು ನೋಡದ ವಾಚಕರಾರು? ಒಂದೇ ಅಚ್ಚು ಎರಡು ಗಾಲಿಗಳನ್ನೂ ಹಿಡಿದಿರುವುದರಿಂದ, ಒಂದು ಗಾಲಿ ಕಲ್ಲು ಹತ್ತಿದರೆ ಗಾಡಿಯೇ ವಾಲುತ್ತದೆ. ಕುಳಿತವರ ಸೊಂಟಕ್ಕೆ ಸುಖವಿಲ್ಲ. ಈ ಕಷ್ಟವನ್ನು ನೀಗಲೆಂದು ಮೋಟಾರು ತಜ್ಞರು ಹಿಂದಿನ ಅಚ್ಚನ್ನು ನಡುವೆ ತುಂಡರಿಸಿ, ಗೇರುಪೆಟ್ಟಿಗೆಯ ಎರಡು ಪಕ್ಕಗಳಲ್ಲಿ ಹಕ್ಕಿಯ ರೆಕ್ಕೆಗಳಂತೆ ಆಡುವ ಅರೆ ಅಚ್ಚುಗಳನ್ನು ಜೋಡಿಸಿದರು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಹೀಗಿತ್ತು. 1959ರ ಅಕ್ಟೋಬರಿನಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆ ಮಾರುಕಟ್ಟೆಗೆ ತಂದ ಷೆವ್ರೊಲೆ ಕಾರ್ವೇರ್ ಸಹ ಹೀಗೆಯೇ.

ಗಾಳಿಯಿಂದ ತಂಪುಗೊಳ್ಳುವ ಅದರ ಆರು ಸಿಲಿಂಡರಿನ ಯಂತ್ರ ಹಿಂಗಾಲಿಗಳಿಗೂ ಹಿಂದೆ ಕುಳಿತಿತ್ತು. ಭಾರದಲ್ಲಿ ಶೇಕಡಾ 60ಕ್ಕೂ ಮಿಕ್ಕಿ ಹಿಂಗಾಲಿಗಳ ಮೇಲೆಯೇ. ತಿರುವಿನಲ್ಲಿ ವೇಗ ಮಿತಿಮೀರಿದರೆ ಭಾರವಾದ ಬಾಲ ಹೊರಕ್ಕೆ ಬೀಸುವುದು ಸಹಜ. ಇದಕ್ಕೆ ಅಚ್ಚಿನ ದೋಷವೂ ಕೂಡಿಕೊಂಡಿತು. ಟೈರು ನೆಲವನ್ನು ಹಿಡಿಯುವ ಅಡ್ಡಬಲವೇ ಕಾರಿನ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ, ಎತ್ತಿದೊಡನೆ ಹೊರಮಗ್ಗುಲಿನ ಗಾಲಿ, ಅರೆ ಅಚ್ಚಿಗೆ ಲಂಬವಾಗಿ ಬಿಗಿದಿರುವ ಕಾರಣ, ಬುಡ ಒಳಕ್ಕೆ ಮಡಚಿಕೊಳ್ಳುತ್ತದೆ, ಹಿಡಿತ ತಪ್ಪುತ್ತದೆ. ಬೆದರಿದ ಚಾಲಕ ಆಕ್ಸಿಲರೇಟರಿನಿಂದ ಥಟ್ಟನೆ ಕಾಲು ತೆಗೆದನೋ, ಭಾರ ಮುಂದಕ್ಕೆ ಸರಿದು ಹಿಂಭಾಗ ಇನ್ನಷ್ಟು ಮೇಲೇಳುತ್ತದೆ. ಪ್ರಾಣ ಉಳಿಸಿಕೊಳ್ಳಲು ಮನುಷ್ಯ ತನಗೆ ತಾನೇ ಮಾಡುವ ಕ್ರಿಯೆಯೇ ಮುಳುವಾಗುವಂತಹ ವಾಹನವನ್ನು ಸಂಸಾರಸ್ಥರ ಕೈಗೆ ಕೊಡಬಹುದೇ ಎಂಬುದು ನಮ್ಮ ಪ್ರಶ್ನೆ.

ತಯಾರಕರು ಕಂಡುಕೊಂಡ ಉಪಾಯ ಟೈರಿನ ಗಾಳಿ! ಮುಂದೆ 15 ಪೌಂಡು, ಹಿಂದೆ 26 ಪೌಂಡು ಒತ್ತಡವಿದ್ದರೆ ಮುಂಗಾಲಿಗಳ ಹಿಡಿತ ಮೊದಲು ಸಡಿಲಿ, ಬಾಲ ಅಂಕೆಯಲ್ಲಿರುತ್ತದೆ. ಸೂಚನೆಯೇನೋ ಕೈಪಿಡಿಯಲ್ಲಿತ್ತು, ಆದರೆ ನಾಲ್ಕೂ ಟೈರುಗಳಿಗೆ ಒಂದೇ ಸಮ ಗಾಳಿ ಹೊಡೆಸುವ ಅಭ್ಯಾಸ ಯಾವ ದೇಶದಲ್ಲಿಲ್ಲ? ಕಾರು ವಾಲದಂತೆ ತಡೆಯುವ ಮುಂದಿನ ಉಕ್ಕಿನ ಸರಳನ್ನು ಮೊದಲ ಮಾದರಿಗಳಲ್ಲಿ ಬಿಟ್ಟಿದ್ದರು. 1964ರ ಮಾದರಿಗೆ ಆ ಸರಳೂ, ಹಿಂದೆ ಅಡ್ಡಲಾಗಿ ಒಂದು ಕಮಾನುಪಟ್ಟಿಯೂ ಬಂದವು. 1965ರ ಮಾದರಿಯಲ್ಲಿ ಪ್ರತಿ ಅರೆ ಅಚ್ಚಿಗೂ ಎರಡೆರಡು ಕೀಲು, ಒಳಗೊಂದು, ಗಾಲಿಯ ಬಳಿ ಒಂದು. ಗಾಲಿ ಮಡಚಿಕೊಳ್ಳುವುದು ತಪ್ಪಿತು.

ತರುಣ ವಕೀಲ ರಾಲ್ಫ್ ನೇಡರ್ ತಮ್ಮ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಗ್ರಂಥದ ಮೊದಲ ಅಧ್ಯಾಯವನ್ನು ಈ ಕಾರಿಗೇ ಮೀಸಲಿಟ್ಟರು. ಅದು ಪ್ರಕಟವಾದದ್ದು 1965ರ ಕೊನೆಗೆ, ದೋಷವನ್ನು ತಿದ್ದಿದ ಮೇಲೆ! ಸಂಸ್ಥೆ ಅವರ ಬೆನ್ನಿಗೆ ಪತ್ತೇದಾರರನ್ನು ಬಿಟ್ಟಿತು. 1966ರ ಮಾರ್ಚಿನಲ್ಲಿ ಅದರ ಅಧ್ಯಕ್ಷ ಜೇಮ್ಸ್ ರೋಚ್ ಸೆನೆಟ್ ಸಮಿತಿಯೆದುರು ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ಅಲ್ಲಿ ಮೋಟಾರು ಸುರಕ್ಷತಾ ಶಾಸನ ಬಂದಿತು.

1960-63ರ ಕಾರ್ವೇರ್ ಸಮಕಾಲೀನ ಕಾರುಗಳಿಗಿಂತ ಕೆಟ್ಟದ್ದಲ್ಲವೆಂದು 1972ರ ಸರ್ಕಾರಿ ವರದಿ ಹೇಳಿತು. ನೆರೆಮನೆಯ ಹುಡುಗರೂ ನಪಾಸಾದರೆಂದು ನಮ್ಮ ಹುಡುಗ ಪಾಸಾದಂತಾಗಲಿಲ್ಲವಷ್ಟೆ. ವರದಿ ಬರುವ ವೇಳೆಗೆ ಕಾರ್ವೇರ್ ತಯಾರಿಕೆ ನಿಂತು ಮೂರು ವರ್ಷಗಳಾಗಿದ್ದವು; ಬೀಟಲ್ ಕೂಡ 1960ರ ದಶಕದ ಕೊನೆಗೆ ಕೆಲವು ಮಾದರಿಗಳಲ್ಲಿ ಎರಡು ಕೀಲುಗಳ ಅಚ್ಚಿಗೆ ಬಂದಿತ್ತು.