ಟಾನಿಕ್ ಕುಡಿದರೆ ಮೈ ಬರುತ್ತದೆಯೇ?

ದಾವಣಗೆರೆಯ ವಿನೋಬನಗರದಲ್ಲಿ ಸಂಜೆ ಹೊತ್ತು ಯಾವುದಾದರೂ ಮೆಡಿಕಲ್ ಶಾಪಿನ ಕಟ್ಟೆ ಹತ್ತಿ ನಿಂತರೆ, ಒಂದೇ ಬಾಟಲಿಯ ಬಗ್ಗೆ ಎರಡು ತದ್ವಿರುದ್ಧ ಪ್ರಶ್ನೆ ಕಿವಿಗೆ ಬೀಳುತ್ತವೆ. ಮಗಳಿಗೆ ಗಂಡು ನೋಡುತ್ತಿರುವ ತಾಯಿ ಕೇಳುತ್ತಾಳೆ: ‘ಇದನ್ನ ಕುಡುದ್ರೆ ಹುಡುಗಿಗೆ ಒಂಚೂರು ಮೈ ಬರ್ತತೇನಣ್ಣ?’ ಹೆರಿಗೆಯಾಗಿ ಎರಡು ಮೂರು ತಿಂಗಳಾದ ಸೊಸೆ ಕೇಳುತ್ತಾಳೆ: ‘ಅತ್ತೆ ತಗಂಬಾ ಅಂದ್ರು. ಇದ್ರಿಂದ ದಪ್ಪ ಆಗಲ್ಲ ತಾನೆ?’ ಇಬ್ಬರ ಕೈಯಲ್ಲೂ ಇರುವುದು ಅದೇ ಕಂದು ಬಣ್ಣದ ದಶಮೂಲಾರಿಷ್ಟ. ಅಂಗಡಿಯವರು ಇಬ್ಬರಿಗೂ ಕೊಡುವ ಉತ್ತರ ಒಂದೇ: ‘ಏನಾಗಲ್ಲ, ತಗಳ್ರಿ.’ ಇಬ್ಬರಿಗೂ ಇದಕ್ಕಿಂತ ಪೂರ್ತಿಯಾದ ಉತ್ತರ ಸಿಗಬೇಕು.

ಮೊದಲು ಬಾಟಲಿಯೊಳಗೆ ಏನಿದೆ ನೋಡೋಣ. ಬಿಲ್ವ, ಪಾದರಿ, ಶಿವನೆಯಂಥ ಐದು ಮರಗಳು. ನೆಲಗುಳ್ಳ, ನೆಗ್ಗಿಲು, ಮೂರೆಲೆಹೊನ್ನೆಯಂಥ ಐದು ಸಣ್ಣ ಗಿಡಗಳು. ಈ ಹತ್ತರ ಬೇರು, ಅದರ ಜೊತೆಗೆ ಇನ್ನೂ ಹತ್ತಾರು ಮೂಲಿಕೆ ಮತ್ತು ಒಣದ್ರಾಕ್ಷಿ. ಕಷಾಯ ಕಾಯಿಸಿ, ಸೋಸಿ, ಆರಿದ ಮೇಲೆ ಬೆಲ್ಲ, ಜೇನುತುಪ್ಪ, ಧಾತಕಿ ಹೂವು ಹಾಕಿ ಬಾಯಿ ಕಟ್ಟಿ ತಿಂಗಳೊಪ್ಪತ್ತು ಹುಳಿಯಲು ಬಿಡುತ್ತಾರೆ. ಹಳೆಯ ವೈದ್ಯರು ಪಾತ್ರೆಗೆ ಕಿವಿಯಿಟ್ಟು ಕೇಳುತ್ತಿದ್ದರು. ಒಳಗೆ ಸುಯ್ ಎಂಬ ಸದ್ದಿದ್ದರೆ ಇನ್ನೂ ಹುಳಿಯುತ್ತಿದೆ ಎಂದರ್ಥ. ಗೀರಿದ ಕಡ್ಡಿ ಬಾಯಿಯ ಹತ್ತಿರ ಹಿಡಿದಾಗ ಆರಿಹೋದರೂ ಅಷ್ಟೇ; ಒಳಗಿನಿಂದ ಇಂಗಾಲದ ಡೈಆಕ್ಸೈಡ್ ಏಳುತ್ತಿರುತ್ತದೆ. ಕಡ್ಡಿ ಆರದೆ ಉರಿದರೆ ಅರಿಷ್ಟ ತಯಾರು. ಬೆಲ್ಲ, ಜೇನಿನ ಒಂದಷ್ಟು ಸಿಹಿ ಆಲ್ಕೊಹಾಲಾಗಿ ಮಾರ್ಪಟ್ಟಿರುತ್ತದೆ, ಉಳಿದದ್ದು ಸಿಹಿಯಾಗಿಯೇ ಇರುತ್ತದೆ.

ಎಷ್ಟು ಸಿಹಿ? ಪ್ರಮಾಣ ಹೇಳದ ಕಡೆ ಅನುಸರಿಸಲೆಂದು ಶಾರ್ಙ್ಗಧರ ಸಂಹಿತೆ ಒಂದು ಸಾಮಾನ್ಯ ನಿಯಮ ಕೊಡುತ್ತದೆ. ಒಂದು ದ್ರೋಣ ದ್ರವಕ್ಕೆ ಒಂದು ತುಲಾ ಬೆಲ್ಲ, ಅದರ ಅರ್ಧ ಜೇನು. ಇಂದಿನ ಅಳತೆಯಲ್ಲಿ ಸುಮಾರು 12 ಲೀಟರಿಗೆ 4.8 ಕಿಲೊ ಬೆಲ್ಲ, 2.4 ಕಿಲೊ ಜೇನು. ಕೇಳಿದರೆ ಗಾಬರಿಯಾಗುತ್ತದೆ. ಆದರೆ ನಾವು ಕುಡಿಯುವುದು ಮುಚ್ಚಳದಲ್ಲಿ. ಊಟವಾದ ಮೇಲೆ 20 ಮಿಲಿಲೀಟರ್, ಅಷ್ಟೇ ನೀರು ಬೆರೆಸಿ. ಉಳಿದ ಸಿಹಿ, ಆಲ್ಕೊಹಾಲು ಎರಡನ್ನೂ ಸೇರಿಸಿ ಧಾರಾಳವಾಗಿ ಲೆಕ್ಕ ಹಿಡಿದರೂ ಒಂದು ಸಲಕ್ಕೆ 40 ಕ್ಯಾಲೊರಿ ಆದೀತು. ದಿನಕ್ಕೆರಡು ಸಲ, ಒಂದು ತಿಂಗಳು ತಪ್ಪದೆ ಕುಡಿದರೆ 2,400. ಒಂದು ಕಿಲೊ ಕೊಬ್ಬು ಕೂಡಲು ಸುಮಾರು 7,700 ಕ್ಯಾಲೊರಿ ಹೆಚ್ಚುವರಿಯಾಗಿ ಬೇಕು. ನಮ್ಮೂರ ಬೆಣ್ಣೆದೋಸೆಯ ಮೇಲೆ ಬೀಳುವ ಬೆಣ್ಣೆ ಎರಡು ದೊಡ್ಡ ಚಮಚವಾದರೆ ಅದೊಂದೇ 200 ಕ್ಯಾಲೊರಿ, ಅಂದರೆ ಐದು ಡೋಸು ಅರಿಷ್ಟ.

ಹಾಗಾಗಿ ಆ ಸೊಸೆ ಬಾಟಲಿಗೆ ಹೆದರಬೇಕಾಗಿಲ್ಲ. ಆದರೆ ಬಾಟಲಿ ಒಂಟಿಯಾಗಿ ಮನೆಗೆ ಬರುವುದಿಲ್ಲವಲ್ಲ! ಬಾಣಂತನ ಎಂದರೆ ಅದರ ಹಿಂದೆಯೇ ಅಂಟಿನುಂಡಿ, ಕೊಬ್ಬರಿ, ಉತ್ತತ್ತಿ, ಅನ್ನದ ಮೇಲೆ ಹೊಯ್ಯುವ ತುಪ್ಪ, ರಾತ್ರಿ ದೊಡ್ಡ ಲೋಟದಲ್ಲಿ ಹಾಲು ಎಲ್ಲ ಸಾಲಾಗಿ ಬರುತ್ತವೆ. ಜೊತೆಗೆ ಮಂಚ ಬಿಟ್ಟು ಇಳಿಯಬೇಡ ಎಂಬ ಕಟ್ಟಳೆ. ನಮ್ಮ ಅಜ್ಜಿಯರು ಇದನ್ನು ದಡ್ಡತನದಿಂದ ಮಾಡಿದ್ದಲ್ಲ. ಮಗುವಿಗೆ ಎದೆಹಾಲು ಮಾತ್ರ ಕೊಡುವ ಮೊದಲ ಆರು ತಿಂಗಳು ತಾಯಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚಿಗೆ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೇಳುತ್ತದೆ. ಗದ್ದೆಯಿಂದ, ಮಿಲ್ಲಿನಿಂದ ಬಂದು ಹೆತ್ತು, ಮತ್ತೆ ಅದೇ ದುಡಿಮೆಗೆ ಮರಳುತ್ತಿದ್ದ ಹೆಣ್ಣಿಗೆ ಆ ಉಂಡೆಗಳು ಸಾಲುತ್ತಲೂ ಇರಲಿಲ್ಲ. ಈಗ ಹಾಲೂಡಿಸುವುದು ಕಡಿಮೆಯಾಗಿ, ಓಡಾಟವೂ ನಿಂತು, ಉಂಡೆಯ ಡಬ್ಬಿ ಮಾತ್ರ ವರ್ಷವಿಡೀ ತುಂಬುತ್ತಿದ್ದರೆ ತೂಕ ಏರುತ್ತದೆ. ಅಪವಾದ ಮಾತ್ರ ಅರಿಷ್ಟದ ತಲೆಗೆ.

ಚ್ಯವನಪ್ರಾಶದ ಕತೆಯೂ ಹೀಗೇ. ಚರಕ ಸಂಹಿತೆಯ ಪಾಠದಲ್ಲಿ 500 ನೆಲ್ಲಿಕಾಯಿಗೆ 50 ಪಲ ಕಲ್ಲುಸಕ್ಕರೆ, ಮೇಲೆ ತುಪ್ಪ, ಎಣ್ಣೆ, ಜೇನು. ಇಂದು ಅಂಗಡಿಯಲ್ಲಿ ಸಿಗುವ ಬಹುಪಾಲು ಡಬ್ಬಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಆದರೂ ಎರಡು ಚಮಚ ಲೇಹ್ಯದಿಂದ ಬರುವ ಶಕ್ತಿಗಿಂತ ಅದರ ಮೇಲೆ ಕುಡಿಯುವ ಒಂದು ಲೋಟ ಗಟ್ಟಿ ಹಾಲಿನದ್ದೇ ಹೆಚ್ಚು.

ಹಾಗಾದರೆ ಮೂಲಿಕೆಗಳಿಗೆ ಕೆಲಸವೇ ಇಲ್ಲವೇ? ಹಾಗೆ ಹೇಳುವುದು ಅನ್ಯಾಯ. ಆಯುರ್ವೇದದ ಗ್ರಂಥಗಳು ತೂಕದ ವಿಚಾರದಲ್ಲಿ ಜಾಹೀರಾತುಗಳಿಗಿಂತ ಬಹಳ ಎಚ್ಚರದಿಂದ ಮಾತಾಡಿವೆ. ಚರಕನ ಸೂತ್ರಸ್ಥಾನದಲ್ಲಿ ಮೈ ತುಂಬಿಸುವ ‘ಬೃಂಹಣೀಯ’ ಹತ್ತು ದ್ರವ್ಯಗಳ ಪಟ್ಟಿಯಿದೆ, ಅಶ್ವಗಂಧ ಅಲ್ಲಿದೆ. ಅದರ ಪಕ್ಕದಲ್ಲೇ ಮೈ ಕರಗಿಸುವ ‘ಲೇಖನೀಯ’ ಹತ್ತರ ಪಟ್ಟಿಯಿದೆ, ಅರಿಸಿನ, ಬಜೆ, ಕಟುಕರೋಹಿಣಿ ಅಲ್ಲಿವೆ. ದಶಮೂಲಾರಿಷ್ಟದ ಗುಣ ಹೇಳುವಾಗ ಶಾರ್ಙ್ಗಧರ ಪುಷ್ಟಿಯ ಮಾತನ್ನು ಎತ್ತುವುದು ಕೃಶರಾದವರಿಗೆ ಮಾತ್ರ. ಅತಿ ದಪ್ಪ, ಅತಿ ಸಣಕಲು ಎರಡನ್ನೂ ಚರಕ ಕಾಯಿಲೆಯ ಸಾಲಿಗೇ ಸೇರಿಸುತ್ತಾನೆ, ಎರಡರಲ್ಲಿ ಸಣಕಲೇ ಮೇಲು ಎನ್ನುತ್ತಾನೆ. ಮೈ ಬರಲು ಅವನು ಕೊಡುವ ಕಾರಣಗಳು ಚಿಂತೆಯಿಲ್ಲದ ಮನಸ್ಸು, ಪುಷ್ಟಿಯ ಊಟ ಮತ್ತು ಯಥೇಚ್ಛ ನಿದ್ದೆ. ಆ ಪಟ್ಟಿಯಲ್ಲಿ ಬಾಟಲಿ ಇಲ್ಲ.

ಅಶ್ವಗಂಧ, ನಮ್ಮ ಕಡೆಯ ಹಿರೇಮದ್ದು, ಈ ಮಾತಿಗೆ ಒಳ್ಳೆಯ ಸಾಕ್ಷಿ. 2015ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ 57 ಯುವಕರಿಗೆ ಎಂಟು ವಾರ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ದಿನಕ್ಕೆರಡು ಸಲ 300 ಮಿಲಿಗ್ರಾಂ ಬೇರಿನ ಸಾರ ತೆಗೆದುಕೊಂಡವರ ತೋಳು, ಎದೆಯ ಸ್ನಾಯು ಉಳಿದವರಿಗಿಂತ ಹೆಚ್ಚು ಬೆಳೆಯಿತು. 2017ರ ಇನ್ನೊಂದು ಅಧ್ಯಯನದಲ್ಲಿ ಸದಾ ಒತ್ತಡದಲ್ಲಿ ಬದುಕುತ್ತಿದ್ದ 52 ಮಂದಿಗೆ ಅದೇ ಪ್ರಮಾಣ, ಅಷ್ಟೇ ವಾರ. ಅಲ್ಲಿ ಸಾರ ತೆಗೆದುಕೊಂಡವರ ಒತ್ತಡ ಇಳಿಯಿತು, ಸುಮ್ಮಸುಮ್ಮನೆ ತಿನ್ನುವ ಚಪಲ ಇಳಿಯಿತು, ತೂಕವೂ ಒಂದಿಷ್ಟು ಇಳಿಯಿತು. ಅದೇ ಬೇರು ಕಸರತ್ತು ಮಾಡುವವನಿಗೆ ಸ್ನಾಯು ಕೊಟ್ಟಿತು, ಚಿಂತೆಯಲ್ಲಿ ತಿನ್ನುವವನ ಹೊಟ್ಟೆ ಕರಗಿಸಿತು. ಎರಡೂ ಸಣ್ಣ ಅಧ್ಯಯನಗಳು. ಅಲ್ಲಿ ಬಳಸಿದ್ದು ಗಟ್ಟಿ ಸಾರ, ಅಂಗಡಿಯ ಅರಿಷ್ಟವಲ್ಲ. ಅಷ್ಟರಿಂದ ಯಾರಿಗೂ ಕಿಲೊ ಲೆಕ್ಕದ ಭರವಸೆ ಕೊಡಲಾಗದು. ಆದರೆ ಯಾರ ಮೈ, ಯಾವ ಬದುಕು ಎಂದು ಕೇಳದೆ ಟಾನಿಕ್ ತೂಕ ಏರಿಸುತ್ತದೋ ಇಳಿಸುತ್ತದೋ ಎಂದು ಕೇಳುವುದೇ ವ್ಯರ್ಥ ಎಂಬುದಂತೂ ತಿಳಿಯುತ್ತದೆ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ನನಗೆ ಹೆಚ್ಚು ಕಳವಳ ಅದರ ಬಗ್ಗೆ. ‘ತಿಂದದ್ದು ಮೈಗೆ ಹತ್ತಲ್ಲ’ ಎನ್ನುವ ಮಾತಿನ ಹಿಂದೆ ಬಹಳ ಸಲ ಏನೋ ಇರುತ್ತದೆ. ರಕ್ತಹೀನತೆ, ಹೊಟ್ಟೆಹುಳು, ಹೆಚ್ಚಾದ ಥೈರಾಯ್ಡ್, ಗೊತ್ತಾಗದ ಸಕ್ಕರೆ ಕಾಯಿಲೆ, ಕ್ಷಯ, ಇಲ್ಲವೇ ‘ಮದುವೆಗೆ ಮುಂಚೆ ಮೈ ಬರಬೇಕು’ ಎಂಬ ದಿನನಿತ್ಯದ ಮಾತಿಗೆ ಹಸಿವೇ ಸತ್ತುಹೋದ ಮನಸ್ಸು. ಕಾರಣವಿಲ್ಲದೆ ಆರು ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಇಳಿದರೆ, ಅಂದರೆ 50 ಕಿಲೊದವರು ಎರಡೂವರೆ ಕಿಲೊ ಇಳಿದರೆ, ಮೊದಲು ಹೋಗಬೇಕಾದದ್ದು ಆಸ್ಪತ್ರೆಗೆ. ಎರಡು ವಾರ ದಾಟಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಅಲ್ಲಿಯವರೆಗೆ ಟಾನಿಕ್ ಕುಡಿಸುತ್ತಾ ಕೂರುವುದೆಂದರೆ ರೋಗಕ್ಕೆ ಸಮಯ ಕೊಟ್ಟ ಹಾಗೆ.

ಮೈ ಬರಿಸುವ ಮದ್ದಿನ ಬಗ್ಗೆ ಇತ್ತೀಚಿನ ದೊಡ್ಡ ಪಾಠ ಬಂದದ್ದು ಕ್ಷಯದ ಕಡೆಯಿಂದಲೇ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ದಂಪತಿ ಜಾರ್ಖಂಡ್‌ನಲ್ಲಿ ನಡೆಸಿದ ‘ರೇಷನ್ಸ್’ ಅಧ್ಯಯನ 2023ರಲ್ಲಿ ಪ್ರಕಟವಾಯಿತು. 2,800 ರೋಗಿಗಳಿಗೆ ಔಷಧಿಯ ಜೊತೆ ತಿಂಗಳಿಗೆ 10 ಕಿಲೊದ ಒಂದು ಬುಟ್ಟಿ ಕೊಟ್ಟರು. ಅದರಲ್ಲಿದ್ದದ್ದು ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. ದಿನಕ್ಕೆ 1,200 ಕ್ಯಾಲೊರಿ, 52 ಗ್ರಾಂ ಪ್ರೋಟೀನ್ ಸಿಗುವಷ್ಟು. ಮೊದಲ ಎರಡು ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಕೂಡಿಸಿಕೊಂಡವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆಯಿತ್ತು. ಬೇಳೆ, ಹಾಲು, ಎಣ್ಣೆ ಕೊಳ್ಳಲು ಹಣವಿಲ್ಲದ ಮನೆಯವರು ಕೂಡಿಟ್ಟ ನೋಟು ಕೊಟ್ಟು ‘ಪುಷ್ಟಿ’ ಪುಡಿಯ ಡಬ್ಬಿ ಕೊಳ್ಳುವುದನ್ನು ಕಂಡಾಗ ನನಗೆ ಈ ಬುಟ್ಟಿ ನೆನಪಾಗುತ್ತದೆ.

ಆ ಪುಡಿಗಳ ಬಗ್ಗೆ ಕಟುವಾಗಿಯೇ ಹೇಳಬೇಕು. ಹದಿನೈದು ದಿನದಲ್ಲಿ ಮುಖ ದುಂಡಗಾಗಿ, ಕೆನ್ನೆ ತುಂಬಿ, ಹಸಿವು ಭುಗಿಲೆದ್ದರೆ ಅದು ಗಿಡಮೂಲಿಕೆಯ ಕೆಲಸವಾಗಿರುವ ಸಂಭವ ಕಡಿಮೆ. ಮೈ ಬರಿಸುವ ‘ಆಯುರ್ವೇದ’ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್, ಹಸಿವೆಬ್ಬಿಸುವ ಸೈಪ್ರೊಹೆಪ್ಟಡಿನ್ ಬೆರೆಸಿದ್ದು ಹಲವೆಡೆ ಪತ್ತೆಯಾಗಿದೆ. ಸ್ಟೀರಾಯ್ಡ್ ಕೊಡುವ ತೂಕದಲ್ಲಿ ನೀರು ಮತ್ತು ಕೊಬ್ಬೇ ಹೆಚ್ಚು. ಜೊತೆಗೆ ಬಿ.ಪಿ., ಸಕ್ಕರೆ, ಮೂಳೆಸವೆತವೂ ಬರುತ್ತವೆ. ಬಹಳ ದಿನ ತಿಂದು ಹಠಾತ್ತನೆ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ತೆಳ್ಳಗಾಗಿಸುವ ಪುಡಿಗಳಲ್ಲಿ ಸಿಕ್ಕ ಸಿಬುಟ್ರಮೀನ್ ಹೃದಯಕ್ಕೆ ಅಪಾಯಕಾರಿಯೆಂದು ಭಾರತದಲ್ಲಿ 2011ರಿಂದ ನಿಷೇಧದಲ್ಲಿದೆ. ಬೊಜ್ಜು ಕರಗಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದೇ 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆಯಡಿ ಅಪರಾಧ. ಆದರೂ ಬಸ್ ಸ್ಟ್ಯಾಂಡ್ ಗೋಡೆಗಳ ತುಂಬ ಅದೇ.

ಬಾಟಲಿ ಕೊಳ್ಳುವುದೇ ಆದರೆ ಲೇಬಲ್ ಓದಿ. ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ನಂಬರು, ಮೂಲಿಕೆಗಳ ಹೆಸರು ಮತ್ತು ಪ್ರಮಾಣ ಇರಲೇಬೇಕು. ಚೀಟಿಯಿಲ್ಲದ ಡಬ್ಬಿ, ಪೊಟ್ಟಣ ಯಾರೇ ಕೊಟ್ಟರೂ ಬೇಡ. ಸಕ್ಕರೆ ಕಾಯಿಲೆಯವರು ಅರಿಷ್ಟ, ಲೇಹ್ಯ ಎರಡನ್ನೂ ಕೇಳದೆ ಮುಟ್ಟಬಾರದು. ಥೈರಾಯ್ಡ್ ಮಾತ್ರೆ ನುಂಗುವವರು, ಲಿವರ್ ತೊಂದರೆಯಿರುವವರು, ಗರ್ಭಿಣಿಯರು ಅಶ್ವಗಂಧದಿಂದ ದೂರವಿರಬೇಕು. ಕುಡಿತ ಬಿಟ್ಟವರಿಗೆ ಅರಿಷ್ಟದ ಆಲ್ಕೊಹಾಲೂ ಬೇಡ. ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳಿಯೇ ಕುಡಿಯಲಿ. ಕೇಳಲು ದೂರ ಹೋಗಬೇಕಿಲ್ಲ. ನಗರದಲ್ಲಿ ಅಶ್ವಿನಿ ಆಯುರ್ವೇದ ಕಾಲೇಜಿದೆ, ಹರಿಹರದ ದಾರಿಯ ದೊಡ್ಡಬಾತಿಯಲ್ಲಿ ತಪೋವನ ಆಯುರ್ವೇದ ಕಾಲೇಜಿದೆ. ಒಳ್ಳೆಯ ವೈದ್ಯರು ಟಾನಿಕ್ ಬರೆಯುವ ಮೊದಲು ಹಸಿವು ಹೇಗಿದೆ, ಹೊಟ್ಟೆ ಸಲೀಸಾಗಿ ಹೋಗುತ್ತದಾ, ನಿದ್ದೆ ಬರುತ್ತದಾ, ಮುಟ್ಟು ಸರಿಯಾಗಿದೆಯಾ, ನಿನ್ನೆ ಏನು ಉಂಡಿರಿ ಎಂದು ಕೇಳುತ್ತಾರೆ. ತಾಯಂದಿರೇ, ಆ ಪ್ರಶ್ನೆಗಳಿಗೆ ಹುಡುಗಿಯೇ ಉತ್ತರ ಹೇಳಲಿ, ನೀವು ಸ್ವಲ್ಪ ಹೊತ್ತು ಹೊರಗೆ ಕೂತಿರಿ.