ಕುಲಿಬಾಲಿ: ದೋಣಿಯಿಲ್ಲದೆ ನದಿ ದಾಟಿದವರ ಹೆಸರು

ಕಲಿದು ಕುಲಿಬಾಲಿ ಫುಟ್‌ಬಾಲ್ ಆಟಗಾರ. ಸೆನೆಗಲ್‌ನಿಂದ ಫ್ರಾನ್ಸಿಗೆ ವಲಸೆ ಹೋದ ದಂಪತಿಗೆ 1991ರಲ್ಲಿ ಅಲ್ಲೇ ಹುಟ್ಟಿ, ಮುಂದೆ ತಂದೆತಾಯಿಯರ ನಾಡಿನ ತಂಡದ ನಾಯಕರಾಗಿ 2022ರ ಫೆಬ್ರುವರಿಯಲ್ಲಿ ಆಫ್ರಿಕಾ ಕಪ್ ಗೆದ್ದರು. ಅಮದು ಗೊನ್ ಕುಲಿಬಾಲಿ ಐವರಿ ಕೋಸ್ಟ್‌ನ ಪ್ರಧಾನಿಯಾಗಿದ್ದವರು. ದೇಶದ ಉತ್ತರ ಭಾಗದ ಕೊರೊಗೊ ಪಟ್ಟಣದ ಸೆನುಫೊ ಮುಖಂಡರ ಮನೆತನಕ್ಕೆ ಸೇರಿದ ಅವರು 2020ರ ಜುಲೈಯಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಬಿತೊನ್ ಕುಲಿಬಾಲಿ ಸುಮಾರು ಮುನ್ನೂರು ವರ್ಷ ಹಿಂದಿನವನು. ಇಂದಿನ ಮಾಲಿ ದೇಶದಲ್ಲಿ, ನೈಜರ್ ನದಿಯ ದಂಡೆಯ ಸೆಗು ಎಂಬಲ್ಲಿ ರಾಜ್ಯ ಕಟ್ಟಿದ ಬಂಬಾರ ದೊರೆ.

ದೇಶ ಬೇರೆ, ಭಾಷೆ ಬೇರೆ, ಕಾಲವೂ ಬೇರೆ. ಅಡ್ಡಹೆಸರು ಮಾತ್ರ ಒಂದೇ. ಮಾಲಿ, ಬುರ್ಕಿನಾ ಫಾಸೊ, ಐವರಿ ಕೋಸ್ಟ್, ಸೆನೆಗಲ್‌ಗಳ ಶಾಲೆಯ ಹಾಜರಿ ಪುಸ್ತಕದಿಂದ ಮತದಾರರ ಪಟ್ಟಿಯವರೆಗೆ ಈ ಹೆಸರು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಇವರೆಲ್ಲ ಒಬ್ಬನೇ ಮೂಲಪುರುಷನ ಸಂತಾನವೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಪುರಾಣ, ಚರಿತ್ರೆ, ಗಣಿತ, ತಳಿವಿಜ್ಞಾನಗಳೆಲ್ಲ ಬೇಕಾಗುತ್ತವೆ.

ಪಶ್ಚಿಮ ಆಫ್ರಿಕಾದ ಮಾಂದೆ ಭಾಷೆಗಳನ್ನಾಡುವ ಜನ ಇಂಥ ಹೆಸರನ್ನು ‘ಜಾಮು’ ಎನ್ನುತ್ತಾರೆ. ಜಾಮು ಕುಲದ ಹೆಸರೂ ಹೌದು, ಹೊಗಳಿಕೆಯೂ ಹೌದು. ಮಾಲಿಯಲ್ಲಿ ಅಪರಿಚಿತರಿಬ್ಬರು ಎದುರಾದರೆ ಕ್ಷೇಮಸಮಾಚಾರದ ಬೆನ್ನಿಗೇ ‘ನಿನ್ನ ಜಾಮು ಯಾವುದು?’ ಎಂಬ ಪ್ರಶ್ನೆ ಬರುತ್ತದೆ. ಕುಲಿಬಾಲಿ ಎಂದರೆ ಸಾಕು, ಕೇಳಿದವರು ಅದನ್ನೇ ಗೌರವದಿಂದ ಮತ್ತೆ ಉಚ್ಚರಿಸುತ್ತಾರೆ. ಜೆಲಿಗಳೆಂಬ ವಂಶಾವಳಿ ಗಾಯಕರು ಅದೇ ಹೆಸರನ್ನು ಹಿಡಿದು ಹಿರಿಯರ ಸಾಹಸಗಳನ್ನು ಹಾಡುತ್ತಾರೆ. ಜಾಮು ತಂದೆಯಿಂದ ಮಕ್ಕಳಿಗೆ ಬರುತ್ತದೆ. ಹೆಣ್ಣುಮಕ್ಕಳು ಮದುವೆಯಾದ ಮೇಲೂ ತವರಿನ ಜಾಮುವನ್ನು ಬಿಡುವುದಿಲ್ಲ. ಹಾಗಾಗಿ ಅಲ್ಲಿ ಒಂದೇ ಮನೆಯಲ್ಲಿ ಅತ್ತೆಯದೊಂದು, ಸೊಸೆಯದೊಂದು, ಮಕ್ಕಳದೊಂದು ಜಾಮು ಇರುವುದು ತೀರಾ ಸಹಜ.

ಕುಲಿಬಾಲಿ ಹೆಸರಿನ ಹಿಂದೆ ಒಂದು ನದಿಯ ಕಥೆಯಿದೆ. ನಿಯಾ ನ್‌ಗೊಲೊ, ಬರಮಾ ನ್‌ಗೊಲೊ ಎಂಬ ಅಣ್ಣತಮ್ಮಂದಿರು ವೈರಿಗಳಿಂದ ತಪ್ಪಿಸಿಕೊಂಡು ಓಡುತ್ತ ನೈಜರ್ ದಂಡೆಗೆ ಬಂದರಂತೆ. ಹಿಂದೆ ಶತ್ರುಗಳು, ಮುಂದೆ ತುಂಬಿದ ಹೊಳೆ, ದಾಟಲು ದೋಣಿಯಿಲ್ಲ. ಆಗ ನೀರಿನಿಂದ ಮೇಲೆದ್ದ ದೊಡ್ಡದೊಂದು ಮೀನು ಇಬ್ಬರನ್ನೂ ಬೆನ್ನ ಮೇಲೆ ಹೊತ್ತು ಆಚೆ ದಡ ಸೇರಿಸಿತು. ಬಂಬಾರ ಭಾಷೆಯಲ್ಲಿ ‘ಕುಲುನ್’ ಎಂದರೆ ದೋಣಿ, ‘ಬಾಲಿ’ ಎಂದರೆ ಇಲ್ಲದ ಎಂಬ ಅರ್ಥ ಕೊಡುವ ಪ್ರತ್ಯಯ. ದೋಣಿಯಿಲ್ಲದೆ ದಾಟಿದವರೇ ಕುಲಿಬಾಲಿಗಳು ಎಂಬುದು ಜನರ ವಿವರಣೆ. ಬರಮಾನಿಂದ ಸೆಗು ಅರಸರ ಶಾಖೆಯೂ ನಿಯಾನಿಂದ ಪಶ್ಚಿಮದ ಕಾರ್ತಾ ಅರಸರ ಶಾಖೆಯೂ ಹೊರಟವೆಂದು ಕಥೆ ಮುಂದುವರಿಯುತ್ತದೆ.

ವ್ಯಾಕರಣವನ್ನು ಕೇಳಿದರೆ ಈ ಅರ್ಥ ಅಷ್ಟು ಸಲೀಸಾಗಿ ಕೂರುವುದಿಲ್ಲ. ಬಂಬಾರದಲ್ಲಿ ‘ಬಾಲಿ’ ಸಾಮಾನ್ಯವಾಗಿ ಕ್ರಿಯಾಪದಕ್ಕೆ ಹತ್ತುವ ಪ್ರತ್ಯಯ. ‘ಕಲನ್’ ಎಂದರೆ ಕಲಿ, ‘ಕಲನ್‌ಬಾಲಿ’ ಎಂದರೆ ಕಲಿಯದವನು. ನಾಮಪದಕ್ಕೆ ಇಲ್ಲದಿರುವಿಕೆಯನ್ನು ಸೇರಿಸಬೇಕಾದಾಗ ‘ನ್‌ತನ್’ ಎಂಬ ಬೇರೆ ಪ್ರತ್ಯಯ ಬರುತ್ತದೆ. ಹೆಸರು ಮೊದಲೇ ಇದ್ದು ಕಥೆ ಆಮೇಲೆ ಅದಕ್ಕೆ ಹೊಂದಿಕೊಂಡಿರುವ ಸಾಧ್ಯತೆಯನ್ನು ಇದು ಸೂಚಿಸುತ್ತದೆ. ಹಾಗೆಂದು ಕಥೆಯ ಬೆಲೆ ಕಡಿಮೆಯಾಗದು. ನದಿ ದಾಟಿ ಬಂದು ಹೊಸ ನೆಲದಲ್ಲಿ ಆಳ್ವಿಕೆ ಸ್ಥಾಪಿಸಿದವರು ತಮ್ಮ ಹಕ್ಕನ್ನು ಹೇಗೆ ಸಾರಿಕೊಂಡರು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ.

ಹೆಸರು ಹಬ್ಬಿದ್ದಕ್ಕೆ ಗಟ್ಟಿಯಾದ ಕಾರಣ ಸಿಗುವುದು ರಾಜಕೀಯ ಚರಿತ್ರೆಯಲ್ಲಿ. ಬಂಬಾರ ಹಳ್ಳಿಗಳಲ್ಲಿ ಸರಿಸುಮಾರು ಒಂದೇ ವಯಸ್ಸಿನ ಯುವಕರು ಸೇರಿ ‘ತೊನ್’ ಎಂಬ ಸಂಘ ಕಟ್ಟಿಕೊಳ್ಳುತ್ತಿದ್ದರು. ಹೊಲದ ಕೆಲಸ, ಬೇಟೆ, ಹಬ್ಬ ಎಲ್ಲವೂ ಒಟ್ಟಿಗೆ. 1712ರ ಸುಮಾರಿಗೆ ಅಂಥ ಒಂದು ತೊನ್‌ಗೆ ನಾಯಕನಾದ ಮಾಮರಿ ಕುಲಿಬಾಲಿ ಅದನ್ನು ಸೈನ್ಯವಾಗಿ ಬದಲಿಸಿದ. ‘ಬಿತೊನ್’ ಎಂಬುದು ಅವನಿಗೆ ಆಮೇಲೆ ನಿಂತ ಬಿರುದು. ಯುದ್ಧದಲ್ಲಿ ಸೆರೆಸಿಕ್ಕವರು, ಸಾಲ ತೀರಿಸಲಾಗದವರು, ದಂಡ ತೆರಲಾಗದ ಅಪರಾಧಿಗಳು ಎಲ್ಲರೂ ಈ ಪಡೆ ಸೇರಿದರು. ಅವರನ್ನು ‘ತೊನ್‌ಜೊನ್’, ಅಂದರೆ ತೊನ್‌ನ ಆಳುಗಳು ಎಂದು ಕರೆದರು. 1755ರ ಹೊತ್ತಿಗೆ ಬಿತೊನ್ ತೀರಿಕೊಂಡ. ಕೆಲವೇ ವರ್ಷಗಳಲ್ಲಿ ಸೆಗು ಸಿಂಹಾಸನ ಜಾರಾ ವಂಶದ ಪಾಲಾಯಿತು. ಕಾರ್ತಾದಲ್ಲಿ ಮಾತ್ರ ಕುಲಿಬಾಲಿಗಳ ಮಸಾಸಿ ಶಾಖೆ 19ನೇ ಶತಮಾನದ ನಡುಭಾಗದವರೆಗೆ, ಅಂದರೆ ಜಿಹಾದ್ ಸಾರಿದ್ದ ಮುಖಂಡ ಎಲ್ ಹಾಜ್ ಉಮರ್ ತಾಲ್‌ನ ದಂಡು ಬರುವವರೆಗೆ ಆಳಿತು.

ಮಾಂದೆ ಸಮಾಜಗಳಲ್ಲಿ ಸೆರೆಯಾಳುಗಳೂ ಅವರ ಮಕ್ಕಳೂ ಒಡೆಯನ ಜಾಮುವನ್ನೇ ಪಡೆಯುವುದು ವಾಡಿಕೆಯಾಗಿತ್ತು. ಆಶ್ರಯ ಬೇಡಿ ಬಂದವರೂ ಆಶ್ರಯ ಕೊಟ್ಟವನ ಹೆಸರು ಹೊರುತ್ತಿದ್ದರು. ಇನ್ನೊಂದು ದಾರಿ ಸಮಾನತೆಯದು. ಬೇರೆ ಭಾಷೆಯ ನಾಡಿಗೆ ಹೋದವರು ತಮ್ಮ ಕುಲಕ್ಕೆ ಅಲ್ಲಿ ಸಮವೆನಿಸಿದ ಕುಲದ ಹೆಸರಿಟ್ಟುಕೊಳ್ಳುತ್ತಾರೆ. ಸೆನುಫೊ ಜನರ ಸೊರೊ ಕುಲಕ್ಕೆ ಮಾಂದೆಯ ಕುಲಿಬಾಲಿ ಸಮವೆಂದು ಎರಡೂ ಕಡೆಯವರು ಒಪ್ಪುತ್ತಾರೆ. ಸೆನೆಗಲ್‌ನ ವೊಲೊಫ್ ಜನರ ಜೊಪ್ ಕುಲವನ್ನು ಮಾಂದೆಯ ತ್ರಾವೊರೆಗೆ ಸಮವೆನ್ನುವುದೂ ಇದೇ ಬಗೆ. ಹೀಗೆ ರಕ್ತಸಂಬಂಧವಿಲ್ಲದ ಸಾವಿರಾರು ಮಂದಿ ಒಂದೇ ಹೆಸರಿನಡಿ ಬಂದರು.

ಇನ್ನು ಗಣಿತ. ಕುಲನಾಮಗಳು ಏಕೆ ಅಳಿಯುತ್ತವೆ ಎಂಬ ಪ್ರಶ್ನೆಯನ್ನು ಇಂಗ್ಲಿಷ್ ವಿದ್ವಾಂಸ ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಎತ್ತಿದ. ಹೆನ್ರಿ ವಾಟ್ಸನ್ ಜೊತೆ ಸೇರಿ ಮರುವರ್ಷವೇ ಲೆಕ್ಕ ಮಾಡಿ ತೋರಿಸಿದ. ಇಂದು ಆ ಲೆಕ್ಕ ಹೇಳುವುದು ಇಷ್ಟು: ಒಬ್ಬನಿಗೆ ಸರಾಸರಿ ಒಂದು ಗಂಡುಮಗುವಿಗಿಂತ ಹೆಚ್ಚಿಲ್ಲದಿದ್ದರೆ ಆ ಹೆಸರು ಒಂದಲ್ಲ ಒಂದು ದಿನ ಅಳಿಯುತ್ತದೆ. ಸರಾಸರಿ ಅದಕ್ಕಿಂತ ಹೆಚ್ಚಿದ್ದರೂ ಬಹಳಷ್ಟು ಹೆಸರುಗಳು ಮೊದಲ ಕೆಲವು ತಲೆಮಾರುಗಳಲ್ಲೇ ಆಕಸ್ಮಿಕವಾಗಿ ಮರೆಯಾಗುತ್ತವೆ. ಉಳಿದ ಕೆಲವು ಹಿಗ್ಗುತ್ತ ಹೋಗುತ್ತವೆ. ಆದರೆ ಹೆಸರು ಹರಿಯುವುದು ತಂದೆಯಿಂದ ಮಗನಿಗೆ ಮಾತ್ರ ಎಂಬ ಊಹೆಯ ಮೇಲೆ ಈ ಲೆಕ್ಕ ನಿಂತಿದೆ. ಕುಲಿಬಾಲಿಯಂಥ ಹೆಸರಿಗೆ ಹೊರಗಿನಿಂದಲೂ ಜನ ಬಂದು ಸೇರಿದ್ದರಿಂದ ಅದು ಅಳಿಯುವ ಭಯ ಬಹುಬೇಗ ದಾಟಿತು.

ತಳಿವಿಜ್ಞಾನವೂ ಇಲ್ಲಿ ಎಚ್ಚರ ಹೇಳುತ್ತದೆ. ತಂದೆಯಿಂದ ಗಂಡುಮಕ್ಕಳಿಗಷ್ಟೇ ಹೋಗುವ ವೈ ವರ್ಣತಂತುವನ್ನು ಹೋಲಿಸಿ ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜೋಬ್ಲಿಂಗ್ ಅಲ್ಲಿನ ಅಡ್ಡಹೆಸರುಗಳನ್ನು ಅಧ್ಯಯನ ಮಾಡಿದರು. ಅಪರೂಪದ ಹೆಸರಿನ ಗಂಡಸರಲ್ಲಿ ಒಂದೇ ಮೂಲದ ವೈ ವರ್ಣತಂತು ಮತ್ತೆಮತ್ತೆ ಕಂಡಿತು. ಸ್ಮಿತ್‌ನಂಥ ಸರ್ವೇಸಾಮಾನ್ಯ ಹೆಸರಿನವರಲ್ಲಿ ಅಂಥ ನಂಟು ಕಾಣಲಿಲ್ಲ, ಏಕೆಂದರೆ ಕಮ್ಮಾರಿಕೆಯ ಆ ಹೆಸರು ಊರೂರಲ್ಲಿ ಬೇರೆಬೇರೆಯಾಗಿ ಹುಟ್ಟಿತ್ತು. ಕುಲಿಬಾಲಿ ಹರಡಿದ ದಾರಿ ಬೇರೆಯಾದರೂ, ಹೆಸರೊಂದನ್ನೇ ನೋಡಿ ವಂಶ ನಿರ್ಧರಿಸುವುದು ಇಲ್ಲಿಯೂ ಸಲ್ಲದು.

ಬರಹ ಮತ್ತೊಂದು ತೊಡಕು ತಂದಿಟ್ಟಿತು. ಫ್ರೆಂಚ್ ವಸಾಹತು ಗುಮಾಸ್ತರು ಕಿವಿಗೆ ಬಿದ್ದಂತೆ ತಮ್ಮ ಕಾಗುಣಿತದಲ್ಲಿ ಹೆಸರು ಬರೆದರು. ಒಬ್ಬ ‘ಸಿ’ ಅಕ್ಷರದಿಂದ ಶುರುಮಾಡಿದ, ಇನ್ನೊಬ್ಬ ‘ಕೆ’ಯಿಂದ. ಕೊನೆಯಲ್ಲಿ ಒಬ್ಬನಿಗೆ ‘ವೈ’, ಇನ್ನೊಬ್ಬನಿಗೆ ‘ಐ’. ಹೀಗಾಗಿ ಅದೇ ಕುಲಿಬಾಲಿ ದಾಖಲೆಗಳಲ್ಲಿ ಹಲವು ರೂಪ ತಳೆಯಿತು. ಈ ಹೆಸರಿನವರ ಸಂಖ್ಯೆ ಎಣಿಸಹೊರಟವರು ಆ ರೂಪಗಳನ್ನೆಲ್ಲ ಒಂದಾಗಿ ಸೇರಿಸಿಕೊಳ್ಳಬೇಕು.

ಜಾಮುವಿನ ನಿಜವಾದ ಶಕ್ತಿ ಕಾಣುವುದು ‘ಸೆನಂಕುಯಾ’ ಎಂಬ ಹಾಸ್ಯ ನೆಂಟಸ್ತಿಕೆಯಲ್ಲಿ. ಕೆಲವು ಜಾಮುಗಳವರು ಇನ್ನು ಕೆಲವು ಜಾಮುಗಳವರನ್ನು, ಮೊದಲ ಸಲ ಕಂಡರೂ ಸರಿ, ಎಲ್ಲರೆದುರು ಗೇಲಿ ಮಾಡಬಹುದು. ಎದುರಿನವರು ಸಿಟ್ಟಾಗುವಂತಿಲ್ಲ. ಕೆಯಿತಾ ಜಾಮುವಿನವನು ಕುಲಿಬಾಲಿಯನ್ನು ಕಂಡರೆ ‘ನೀನು ನನ್ನ ಆಳು, ಅಲಸಂದೆ ತಿನ್ನುವವನು’ ಎನ್ನುತ್ತಾನೆ. ಅಲಸಂದೆ ಆಫ್ರಿಕಾದಲ್ಲೇ ಮೊದಲು ಬೇಸಾಯಕ್ಕೆ ಬಂದ ಕಾಳು. ತಿಂದರೆ ಹೊಟ್ಟೆಯಲ್ಲಿ ವಾಯು ತುಂಬಿಕೊಳ್ಳುತ್ತದೆ ಎಂಬುದೇ ಆ ಗೇಲಿಯ ಒಳಗುಟ್ಟು. ಕುಲಿಬಾಲಿಯೂ ಸುಮ್ಮನಿರದೆ ‘ಅಲಸಂದೆ ಕದ್ದು ತಿನ್ನುವವನು ನೀನೇ’ ಎಂದು ತಿರುಗಿಸುತ್ತಾನೆ. ಸುತ್ತಲಿನವರೆಲ್ಲ ನಗುತ್ತಾರೆ. ಆಮೇಲೆ ಕಚೇರಿಯ ಕೆಲಸವಿರಲಿ, ಸಂತೆಯ ಚೌಕಾಸಿಯಿರಲಿ, ಮಾತು ಹಗುರಾಗುತ್ತದೆ.

ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್ ಬ್ರೌನ್ 1940ರಲ್ಲಿ ಇಂಥ ಪದ್ಧತಿಗಳ ಬಗ್ಗೆ ಬರೆದ. ಹತ್ತಿರವಿರಬೇಕಾದ, ಆದರೆ ಹಿತಾಸಕ್ತಿ ಬೇರೆಯಾದ ಎರಡು ಗುಂಪುಗಳ ನಡುವಿನ ಬಿಗಿತವನ್ನು ಅನುಮತಿ ಪಡೆದ ಅಗೌರವ ಸಡಿಲಿಸುತ್ತದೆ ಎಂಬುದು ಅವನ ವಾದ. ನಮ್ಮ ಮದುವೆಮನೆಗಳಲ್ಲಿ ಭಾವಮೈದುನರು ಪರಸ್ಪರ ಕಾಲೆಳೆಯುವುದಕ್ಕೆ ಇರುವ ಸಲಿಗೆ ಅಲ್ಲಿ ಇಡೀ ಕುಲಗಳ ನಡುವೆ ಹಬ್ಬಿದೆ. 13ನೇ ಶತಮಾನದಲ್ಲಿ ಸುಂಜಾತಾ ಕೆಯಿತಾ ಮಾಲಿ ಸಾಮ್ರಾಜ್ಯ ಸ್ಥಾಪಿಸಿದಾಗ ಕುರುಕಾನ್ ಫುಗಾ ಬಯಲಿನ ಸಭೆಯಲ್ಲಿ ಈ ನೆಂಟಸ್ತಿಕೆಗಳನ್ನು ನಿಗದಿ ಮಾಡಿದನೆಂದು ಜೆಲಿಗಳು ಹಾಡುತ್ತಾರೆ. ಆ ಸಭೆಯ ಕಟ್ಟಳೆಗಳ ಮೌಖಿಕ ಪರಂಪರೆಯನ್ನು ಯುನೆಸ್ಕೊ 2009ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಗೇಲಿಯ ಪರಿಣಾಮವನ್ನು ಅಳೆದು ನೋಡಿದವರೂ ಇದ್ದಾರೆ. ಥ್ಯಾಡ್ ಡನಿಂಗ್ ಮತ್ತು ಲಾರೆನ್ ಹ್ಯಾರಿಸನ್ ಎಂಬ ರಾಜಕೀಯ ವಿಜ್ಞಾನಿಗಳು ಮಾಲಿಯ ರಾಜಧಾನಿ ಬಮಾಕೊದಲ್ಲಿ ಜನರಿಗೆ ಅಭ್ಯರ್ಥಿಯೊಬ್ಬನ ಭಾಷಣದ ವಿಡಿಯೊ ತೋರಿಸಿದರು. ಭಾಷಣ ಒಂದೇ. ಅಭ್ಯರ್ಥಿಯ ಅಡ್ಡಹೆಸರು ಮಾತ್ರ ಬೇರೆಬೇರೆ. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಜನ ತಮ್ಮ ಜನಾಂಗದವನ ಕಡೆ ವಾಲಿದ್ದು ನಿಜ. ಆದರೆ ಬೇರೆ ಜನಾಂಗದವನಾಗಿದ್ದರೂ ತಮ್ಮ ಹಾಸ್ಯ ನೆಂಟನಾಗಿದ್ದವನನ್ನು, ಆ ನೆಂಟಸ್ತಿಕೆಯಿಲ್ಲದ ಸ್ವಜನಾಂಗದವನಷ್ಟೇ ಮೆಚ್ಚಿಕೊಂಡರು. ಮಾಲಿಯ ಚುನಾವಣೆಗಳಲ್ಲಿ ಜನಾಂಗದ ಆಧಾರದ ಮೇಲೆ ಪಕ್ಷಗಳು ಗಟ್ಟಿಯಾಗಿ ಹೋಳಾಗದಿರಲು ಇದೂ ಒಂದು ಕಾರಣವೆಂದು ಅವರು ವಾದಿಸಿದರು.

ಅಡ್ಡಹೆಸರು ಎಲ್ಲ ಗಾಯಗಳಿಗೂ ಮದ್ದಲ್ಲ. 2012ರಿಂದ ಮಾಲಿಯನ್ನು ಸುಡುತ್ತಿರುವ ಸಶಸ್ತ್ರ ಸಂಘರ್ಷದ ಮುಂದೆ ಈ ನಗೆಯ ಒಪ್ಪಂದಗಳು ಎಷ್ಟೋ ಕಡೆ ಸೋತಿವೆ. ಆದರೂ ನೆರೆಹೊರೆಯ ಜಗಳ, ಮದುವೆಯ ಮಾತುಕತೆ, ಜಮೀನಿನ ತಕರಾರುಗಳು ಬಂದಾಗ ಹಳ್ಳಿಯ ಹಿರಿಯರು ಇಂದಿಗೂ ಮಧ್ಯಸ್ಥಿಕೆಗೆ ಕರೆಸುವುದು ಎರಡೂ ಕಡೆಯವರನ್ನು ಬೈಯುವ ಹಕ್ಕಿರುವ ಹಾಸ್ಯ ನೆಂಟನನ್ನೇ.